ಮುಷ್ಟಿಯೊಳಗಿನ ಗೆಜ್ಜೆ

ಬೆಟ್ಟದ ತಪ್ಪಲಲ್ಲಿ ಒಂದು ಮಠವಿತ್ತು. ಅಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದರು. ಶಿಷ್ಯರು, ಊರವರು, ದಾರಿಹೋಕರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಬುದ್ಧಿ’ ಎಂದೇ.

ಬೆಟ್ಟದ ನೆತ್ತಿಯ ಮೇಲೆ ಮಠದ್ದೇ ಒಂದು ಗವಿ. ಅಲ್ಲಿ ಬೆಳಗೂ ಬೈಗೂ ದೀಪ ಹಚ್ಚಲು ಒಬ್ಬ ಶಿಷ್ಯ ಒಂಟಿಯಾಗಿ ಇರಬೇಕು. ಎಣ್ಣೆ ಮುಗಿದಾಗೆಲ್ಲ ಕಾಡಿನ ಕಾಲುದಾರಿಯಲ್ಲಿ ಅವನೇ ಇಳಿಯಬೇಕು, ಅವನೇ ಹತ್ತಬೇಕು.

ಹಾಗೆ ಹೋಗುವವನನ್ನು ಗುರುಗಳು ಮೊದಲು ಒಂದು ಹಗಲು ಕಾಡಿನಲ್ಲಿ ನಡೆಸಿಕೊಂಡು ಬರುತ್ತಿದ್ದರು. ಯಾರಾದರೂ ಕೇಳಿದರೆ, “ಚಿಟ್ಟೆ ನೋಡಕೆ ಹೋಯ್ತಿದ್ದೀವಿ” ಎನ್ನುತ್ತಿದ್ದರು.

ಶಿಷ್ಯ ಮುಂದೆ, ಗುರು ಹಿಂದೆ. ಶಿಷ್ಯನ ಕೈಯಲ್ಲಿ ಗೆಜ್ಜೆ ಕಟ್ಟಿದ ಬಿದಿರುಕೋಲು. ನೆಲಕ್ಕೆ ಕುಟ್ಟುತ್ತ ನಡೆದರೆ ಗೆಜ್ಜೆ ಘಲ್ಲೆನ್ನುತ್ತದೆ. ಆನೆ, ಕರಡಿ ಆ ಸದ್ದು ಕೇಳಿ ತಾವಾಗಿ ಬದಿಗೆ ಸರಿಯುತ್ತವೆ. ಅದು ಮಠದ ಹಳೆಯ ಪದ್ಧತಿ.

ಆ ವರ್ಷದ ಸರದಿ ಸಿದ್ದಮಲ್ಲನದು.

ಸಿದ್ದಮಲ್ಲನಿಗೆ ಕಾಡೆಂದರೆ ಜೀವಭಯ. ಹಿಂದಿನ ವರ್ಷ ಗವಿಗೆ ಹೋದ ಚೆನ್ನಂಜಯ್ಯ ಬದುಕಿ ಬರಲಿಲ್ಲ. ದಾರಿಯಲ್ಲಿ ಆನೆ ತುಳಿದಿತ್ತು. “ಗೆಜ್ಜೆ ಸದ್ದು ಕೇಳೇ ಆನೆ ಬಂದದ್ದು ಕಣಪ್ಪ” ಎಂದು ಅಡುಗೆಯ ಕುಂಬಣ್ಣ ಸೌಟು ಆಡಿಸುತ್ತ ಹೇಳಿದ್ದ. ಆ ಮಾತು ಸಿದ್ದಮಲ್ಲನ ಹೊಟ್ಟೆಗೆ ಹೊಕ್ಕು ಅಲ್ಲೇ ಕೂತಿತ್ತು.

ಆದರೂ ಗುರುಗಳು “ಗವಿಗೆ ಹೋಯ್ತೀಯಾ?” ಎಂದಾಗ “ಹೂಂ ಬುದ್ಧಿ” ಎಂದುಬಿಟ್ಟಿದ್ದ. ಭಯ ಎಂದು ಹೇಳಿದರೆ ಗಂಟುಮೂಟೆ ಕಟ್ಟಿಸಿ ಊರಿಗೆ ಕಳಿಸುತ್ತಾರೆ ಎಂದುಕೊಂಡಿದ್ದ. ಮಠ ಬಿಟ್ಟರೆ ಅವನಿಗೆ ಬೇರೆ ಬದುಕು ಬೇಕಿರಲಿಲ್ಲ.

ಎಳೆಬಿಸಿಲಿಗೆ ಇಬ್ಬರೂ ಹೊರಟರು. ಮಠದ ಬೇಲಿ ಕಾಣುವವರೆಗೆ ಸಿದ್ದಮಲ್ಲ ಕೋಲು ಕುಟ್ಟಿದ. ಬೇಲಿ ಮರೆಯಾದದ್ದೇ ತಡ, ಗೆಜ್ಜೆಗಳನ್ನು ಮುಷ್ಟಿಯಲ್ಲಿ ಅದುಮಿ ಹಿಡಿದ. ಸದ್ದು ನಿಂತಿತು.

“ಯಾಕಪ್ಪ, ಕೋಲು ಮೂಕಾಯ್ತಲ್ಲ?” ಎಂದರು ಗುರುಗಳು.

“ಸದ್ದಿಗೆ ಚಿಟ್ಟೆ ಹಾರೋಯ್ತವೆ ಬುದ್ಧಿ.”

“ಓ” ಎಂದರು ಗುರುಗಳು.

ಸ್ವಲ್ಪ ದೂರ ಹೋದ ಮೇಲೆ ಸಿದ್ದಮಲ್ಲ ಗಕ್ಕನೆ ನಿಂತ. ಪೊದೆಯ ಕಡೆಗೆ ಬೆರಳು ತೋರಿಸಿದ.

“ಏನು?”

“ಕರಡಿ.”

ಗುರುಗಳು ನಿಧಾನವಾಗಿ ಹೋಗಿ ಸುಟ್ಟ ಮರದ ಬೊಡ್ಡೆಯೊಂದರ ಮೇಲೆ ಕೂತರು. “ಇದಾ?”

ಸಿದ್ದಮಲ್ಲನಿಗೆ ನಾಚಿಕೆಯಾಯಿತು. ಭಯ ಮಾತ್ರ ಕಡಿಮೆಯಾಗಲಿಲ್ಲ. ಇದು ಬೊಡ್ಡೆಯಾದರೆ ಕರಡಿ ಇನ್ನೊಂದು ಕಡೆ ಇದೆ ಎಂದಾಯಿತಲ್ಲ, ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಹೆದರುವವನ ಲೆಕ್ಕ ಯಾವಾಗಲೂ ಹಾಗೆಯೇ.

ಹಳ್ಳ ಬಂತು. ಮೊದಲ ಮಳೆಗೆ ನೆಂದ ಮರಳಿನ ಮೇಲೆ ಚಿಟ್ಟೆಗಳು ಮುತ್ತಿಕೊಂಡಿದ್ದವು. ಹಳದಿಯವು ಒಂದು ಕಡೆ, ಕಪ್ಪು ರೆಕ್ಕೆಗೆ ನೀಲಿ ಪಟ್ಟೆಯವು ಇನ್ನೊಂದು ಕಡೆ. ಗುರುಗಳು ಮಂಡಿಯೂರಿ ಬಹಳ ಹೊತ್ತು ನೋಡಿದರು.

“ನೀನೇನು ಕಂಡೆ ಸಿದ್ದಮಲ್ಲ?”

ಸಿದ್ದಮಲ್ಲ ಆಚೆ ದಡದ ಬಿದಿರುಮೆಳೆಯನ್ನೇ ನೋಡುತ್ತಿದ್ದ. “ಏನೂ ಇಲ್ಲ ಬುದ್ಧಿ. ಸದ್ಯಕ್ಕೆ ಏನೂ ಇಲ್ಲ.”

ಅವನ ಹೆಗಲ ಮೇಲೊಂದು ಹಳದಿ ಚಿಟ್ಟೆ ಕೂತು ರೆಕ್ಕೆ ಮಡಿಸಿ ಬಿಚ್ಚಿ ಮಾಡುತ್ತಿತ್ತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದರು. ಸಿದ್ದಮಲ್ಲ ರೊಟ್ಟಿಯನ್ನು ಮುರಿದು ಮುರಿದು ಹಾಗೇ ಇಟ್ಟ. ಹಿಂದಿರುಗುವ ದಾರಿ ಒಂದು ಮುಗಿದರೆ ಸಾಕೆಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತ.

ಇಳಿಯುವ ದಾರಿಯಲ್ಲಿ ಮತ್ತೆ ಚಿಟ್ಟೆಗಳು ಕಂಡವು. ಈ ಸಲ ದಾರಿಯ ನಡುವೆ, ಒಂದೇ ಗುಡ್ಡೆಯ ಮೇಲೆ ಮುತ್ತಿಕೊಂಡಿದ್ದವು.

“ಆಹಾ” ಎಂದರು ಗುರುಗಳು.

ಸಿದ್ದಮಲ್ಲ ಗುಡ್ಡೆಯನ್ನು ನೋಡಿದ. ಅದು ಆನೆಯ ಲದ್ದಿ. ಇನ್ನೂ ಹಬೆಯಾಡುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಸಣ್ಣ ಲದ್ದಿಯೂ ಬಿದ್ದಿತ್ತು.

“ಬುದ್ಧಿ, ಇದು ಬಿಸಿ ಅದೆ. ಜೊತೇಲಿ ಮರಿ ಅದೆ.”

“ಹಾಗಾದ್ರೆ ಗೆಜ್ಜೆ ಕುಟ್ಟು.”

ಸಿದ್ದಮಲ್ಲ ಕುಟ್ಟಲಿಲ್ಲ. ಕುಂಬಣ್ಣನ ಮಾತು ಕಿವಿಯಲ್ಲಿ ಕೂಗುತ್ತಿತ್ತು. ಬೇಗ ದಾಟಿಬಿಡೋಣವೆಂದು ಮುಷ್ಟಿಯನ್ನು ಇನ್ನಷ್ಟು ಬಿಗಿದು, ಬೆಕ್ಕಿನ ಹೆಜ್ಜೆಯಲ್ಲಿ ಸರಸರನೆ ತಿರುವು ದಾಟಿದ.

ತಿರುವಿನಾಚೆ ಅವಳು ನಿಂತಿದ್ದಳು.

ದೊಡ್ಡ ಹೆಣ್ಣಾನೆ. ಕಾಲುಗಳ ನಡುವೆ ಮರಿ. ಯಾರೂ ಬರುವ ಸುಳಿವಿಲ್ಲದೆ ಮನುಷ್ಯನೊಬ್ಬ ಎದುರಿಗೇ ಹುಟ್ಟಿಬಂದದ್ದು ಕಂಡು ಅವಳು ಬೆಚ್ಚಿಬಿದ್ದಳು. ಕಿವಿ ಅಗಲಿಸಿದಳು. ಘೀಳಿಟ್ಟಳು. ಬೆಟ್ಟವೇ ಅದುರಿದಂತಾಯಿತು. ನುಗ್ಗಿ ಬಂದವಳು ಅರ್ಧದಲ್ಲಿ ನಿಂತು, ಮುಂಗಾಲಿನಿಂದ ಮಣ್ಣು ಚಿಮ್ಮಿದಳು.

ಚೆನ್ನಂಜಯ್ಯ ಕಂಡ ಕೊನೆಯ ನೋಟ ಇದೇ ಇರಬೇಕು ಎಂದು ಸಿದ್ದಮಲ್ಲನಿಗೆ ಅನಿಸಿತು. ಓಡಬೇಕೆಂದುಕೊಂಡ, ಕಾಲು ಏಳಲಿಲ್ಲ. ಗೆಜ್ಜೆ ಕುಟ್ಟಬೇಕೆಂದುಕೊಂಡ, ಮುಷ್ಟಿ ಬಿಚ್ಚಲಿಲ್ಲ. ಬಾಯಿಗೆ ಕಡುಬು ತುರುಕಿದವನ ಹಾಗೆ ನಿಂತುಬಿಟ್ಟ.

ಗುರುಗಳು ಬಂದು ಅವನ ಮುಂದೆ ನಿಂತರು. ಕೈ ಮುಗಿದರು.

“ಅವ್ವಾ” ಎಂದರು ಗಟ್ಟಿಯಾಗಿ. “ನಾವಿಲ್ಲಿದ್ದೀವಿ ಕಣವ್ವ. ಇಬ್ರೇ. ಬಹಳ ಹೆದರ್ಕೊಂಡಿದ್ದೀವಿ. ನಿನ್ನ ಮರಿ ತಂಟೆಗೆ ಬರಕಿಲ್ಲ. ಹಿಂದಕ್ಕೆ ಹೋಯ್ತೀವಿ ಬುಡವ್ವ.”

ಸಿದ್ದಮಲ್ಲ ಹಿಂದಿನಿಂದ ನೋಡಿದ. ಗುರುಗಳ ಮುಗಿದ ಕೈ ನಡುಗುತ್ತಿತ್ತು. ದನಿಯೂ ನಡುಗುತ್ತಿತ್ತು. ಅದನ್ನು ಅವರು ಅಡಗಿಸಲಿಲ್ಲ.

ಒಂದೊಂದೇ ಹೆಜ್ಜೆ ಹಿಂದೆ ಸರಿದರು, ಶಿಷ್ಯನನ್ನೂ ಬೆನ್ನಿನಿಂದ ತಳ್ಳುತ್ತ. ಮಾತು ಮಾತ್ರ ನಿಲ್ಲಿಸಲಿಲ್ಲ. ಆನೆ ಸೊಂಡಿಲೆತ್ತಿ ಗಾಳಿ ಮೂಸಿದಳು. ಕಿವಿ ಇಳಿಸಿದಳು. ಮರಿಯನ್ನು ಮುಂದೆ ಬಿಟ್ಟುಕೊಂಡು ಮೆಳೆಯೊಳಗೆ ಇಳಿದುಹೋದಳು. ಬಿದಿರು ಮುರಿಯುವ ಸದ್ದು ದೂರವಾಗುತ್ತ ಹೋಗಿ ನಿಂತಿತು.

ಗುರುಗಳು ದಾರಿಯಲ್ಲೇ ಕುಸಿದು ಕೂತರು.

“ಬುದ್ಧಿ, ನಿಮಗೂ ಭಯ ಆಯ್ತಾ?”

“ಆಗದೇ ಏನಪ್ಪ? ಆನೆ ಅದು, ಎಮ್ಮೆಯಲ್ಲ.”

ಸಿದ್ದಮಲ್ಲ ಅವರ ಪಕ್ಕದಲ್ಲಿ ಕೂತ. ಮುಷ್ಟಿ ಇನ್ನೂ ಬಿಗಿದೇ ಇತ್ತು. ಗುರುಗಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಂಗೈಯಲ್ಲಿ ಗೆಜ್ಜೆಯ ಅಚ್ಚು ಮೂಡಿ ರಕ್ತ ಜಿನುಗಿತ್ತು.

“ಚೆನ್ನಂಜಯ್ಯನೋರ ಹತ್ರ ಗೆಜ್ಜೆ ಸದ್ದಿಗೇ ಆನೆ ಬಂತಂತೆ ಬುದ್ಧಿ” ಎಂದ ಸಿದ್ದಮಲ್ಲ. “ಅದಕ್ಕೇ ಹಿಡ್ಕೊಂಡಿದ್ದೆ. ಚಿಟ್ಟೆ ಅಂದದ್ದು ಸುಳ್ಳು.”

ಗುರುಗಳು ಕೋಲನ್ನು ನೆಲದ ಮೇಲೆ ಮಲಗಿಸಿದರು.

“ಇದೇ ಅವನ ಕೋಲು. ಅವನನ್ನ ಎತ್ತಿ ತಂದವನು ನಾನು. ಗೆಜ್ಜೆಗೆಲ್ಲ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದ್ದ.”

ಸಿದ್ದಮಲ್ಲ ಕೋಲಿನ ಗೆಜ್ಜೆಗಳನ್ನು ಬೆರಳಿಂದ ಮುಟ್ಟಿ ನೋಡಿದ.

“ಅವರೂ ಹೆದರ್ಕೊಂಡಿದ್ರಾ ಬುದ್ಧಿ?”

“ನನಗೆ ಗೊತ್ತಿಲ್ಲ ಕಣಪ್ಪ. ಭಯಾನಾ ಅಂತ ಕೇಳಿದೆ. ಇಲ್ಲ ಅಂದ. ನಂಬಿ ಕಳಿಸಿಬುಟ್ಟೆ.”

ಲದ್ದಿಯ ಮೇಲಿಂದ ಎದ್ದಿದ್ದ ಚಿಟ್ಟೆಗಳು ಮತ್ತೆ ಬಂದು ಕೂರುತ್ತಿದ್ದವು. ಸಿದ್ದಮಲ್ಲ ಅವುಗಳನ್ನು ನೋಡಿದ. ನೀಲಿಯವು ಹೆಚ್ಚು, ಹಳದಿಯವು ಕಡಿಮೆ. ನೋಡುತ್ತ ನೋಡುತ್ತ ಅವನಿಗೆ ಅಳು ಬಂತು. ಊರು, ಗಂಟುಮೂಟೆ ಎಲ್ಲ ಕಣ್ಣಮುಂದೆ ಬಂದವು. ಬರಲಿ ಎಂದುಕೊಂಡ.

“ಬುದ್ಧಿ, ನನ್ನನ್ನ ಗವಿಗೆ ಕಳಿಸಬೇಡಿ. ನನಗೆ ಭಯ ಆಯ್ತದೆ. ಮೊದಲಿಂದ್ಲೂ ಭಯವೇ. ಹೇಳಿದ್ರೆ ಮಠದಿಂದ ಆಚೆಗೆ ಹಾಕ್ತೀರ ಅಂತ ಮುಚ್ಚಿಟ್ಟಿದ್ದೆ.”

ಗುರುಗಳು ಎದ್ದರು. ಕೋಲನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಇನ್ನೊಂದ್ಸಲ ಹೇಳು.”

“ಭಯ ಆಯ್ತದೆ ಬುದ್ಧಿ.”

ಅವನ ಕೈ ನಡುಗುತ್ತಿತ್ತು. ನಡುಕಕ್ಕೆ ಗೆಜ್ಜೆಗಳೆಲ್ಲ ಘಲಘಲ ಎನ್ನತೊಡಗಿದವು. ನಿಲ್ಲಿಸಲು ನೋಡಿದ, ಆಗಲಿಲ್ಲ.

ಗುರುಗಳು ತಲೆ ವಾಲಿಸಿ ಆ ಸದ್ದನ್ನು ಕೇಳಿದರು.

“ನನಗೆ ಕೇಳುಸ್ತು. ಕಾಡಿಗೂ ಕೇಳುಸ್ತದೆ. ಈಗ ನೀನು ಗವಿಗೆ ಹೋಗಬಹುದು.”