ಬಳಗ ಮುಚ್ಚಿದ ಭಾನುವಾರ

ಹೇಮಾವತಿಯ ದಡದ ಒಂದು ಸಣ್ಣ ಆಶ್ರಮದಲ್ಲಿ ಬೋರಲಿಂಗಯ್ಯ ಎಂಬ ಗುರುಗಳಿದ್ದರು. ಯಾರಾದರೂ ತಪ್ಪು ಮಾಡಿ ಬಂದರೆ ಅವರು ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡಿ ಬಂದವರನ್ನು ಮಾತ್ರ ಸುಲಭಕ್ಕೆ ಬಿಡುತ್ತಿರಲಿಲ್ಲ.

ಒಬ್ಬ ಶಿಷ್ಯ ಒಪ್ಪತ್ತು ಊಟ ಶುರು ಮಾಡಿದಾಗ, ಯಾರಿಗೆ ತೋರಿಸೋದಕ್ಕೆ ಎಂದು ಕೇಳಿದ್ದರು. ಇನ್ನೊಬ್ಬ ಮೌನವ್ರತ ಹಿಡಿದಾಗ, ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರು. ಎರಡು ಸಲವೂ ಅವರ ಅನುಮಾನ ನಿಜವಾಗಿತ್ತು.

ಶಶಿರೇಖಾ ಅವರ ಶಿಷ್ಯೆಯಾಗಿ ಹನ್ನೊಂದು ವರ್ಷವಾಗಿತ್ತು. ಹಾಸನದಲ್ಲಿ ರಕ್ತ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಅವಳ ಕೆಲಸ. ಪ್ರತಿ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಒಂದು ಭಾನುವಾರ ಬಂದವಳು ನಮಸ್ಕಾರ ಮಾಡಿ, ತಾನೊಂದು ದೊಡ್ಡ ಮೋಹವನ್ನು ಬಿಡುತ್ತಿದ್ದೇನೆ, ಆಶೀರ್ವಾದ ಬೇಕು ಎಂದಳು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಏನದು ಎಂದು ಕೇಳಿದರು.

ಅವಳು ಹೇಳಿದಳು. ಹಿಂದೆ ರೇಡಿಯೋದಲ್ಲಿ ಇಂದುಶೇಖರ ಎಂಬವರು ಭಾನುವಾರ ಬೆಳಿಗ್ಗೆ ಕಥೆ ಓದುತ್ತಿದ್ದರು. ಅವರ ದನಿಗೆ ಮನಸೋತವರು ಊರೂರಲ್ಲಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಇಂಟರ್‌ನೆಟ್ಟಿನಲ್ಲಿ ಅಂಥವರಿಗಾಗಿ ಒಂದು ತಾಣ ಮಾಡಿದಳು. ಹೆಸರು ‘ಕೇಳುಗರ ಬಳಗ’. ಮೊದಲ ವಾರ ಏಳು ಜನ ಬಂದರು. ಆಮೇಲೆ ಮೂರು ಸಾವಿರ ದಾಟಿತು.

ಯಾರ ಮನೆಯಲ್ಲೋ ಉಳಿದಿದ್ದ ಕ್ಯಾಸೆಟ್ಟುಗಳು ಒಂದೊಂದಾಗಿ ಬಂದು ಸೇರಿದವು. ಪ್ರತಿ ಭಾನುವಾರ ಬೆಳಿಗ್ಗೆ ಅವುಗಳಲ್ಲಿನ ಒಂದು ಕಥೆಯನ್ನು ಅವಳು ಬಳಗದಲ್ಲಿ ಹಾಕುತ್ತಿದ್ದಳು. ಒಂದು ಕಥೆಯ ನಡುವೆ ಇಂದುಶೇಖರ ಕೆಮ್ಮಿದ್ದು ನಿಜವಾದ ಕೆಮ್ಮೋ, ಕಥೆಯ ಮುದುಕನ ಕೆಮ್ಮೋ ಎಂದು ಬಳಗದವರು ಎರಡು ತಿಂಗಳು ವಾದ ಮಾಡಿದ್ದರು. ಆ ವಾದದಲ್ಲೇ ಪರಿಚಯವಾದ ಇಬ್ಬರು ಮದುವೆಯನ್ನೂ ಆದರು.

ಇಂದುಶೇಖರ ತೀರಿಕೊಂಡು ಐದು ವರ್ಷವಾಗಿತ್ತು. ಸಿಗಬೇಕಾದ ಕ್ಯಾಸೆಟ್ಟೆಲ್ಲ ಸಿಕ್ಕಾಗಿತ್ತು. ಈಗ ಬರುವವರು ಬೆಳಗಿನ ನಮಸ್ಕಾರ ಹಾಕುತ್ತಿದ್ದರು, ಇಲ್ಲವೇ ಜಗಳವಾಡುತ್ತಿದ್ದರು.

ಎಲ್ಲದಕ್ಕೂ ಒಂದು ಕೊನೆ ಇರಬೇಕಲ್ಲವೇ ಎಂದಳು ಶಶಿರೇಖಾ. ಮುಂದಿನ ಭಾನುವಾರ ಎಲ್ಲ ಅಳಿಸಿ ಮುಚ್ಚಿಬಿಡುತ್ತೇನೆ ಎಂದಳು.

ಗುರುಗಳು ಅವಳ ಮುಖ ನೋಡಿದರು.

“ಬಳಗ ನೀನೊಬ್ಬಳೇ ನಡೆಸ್ತಿದ್ಯಾ?”

“ಇಲ್ಲ. ತೀರ್ಥಪ್ರಸಾದ್ ಅಂತ ಒಬ್ಬರಿದಾರೆ. ಸುಳ್ಯದವರು. ಮೊದಲಿಂದಲೂ ಜೊತೆಗಿದ್ದಾರೆ.”

“ಅವರಿಗೆ ಹೇಳಿದ್ಯಾ?”

ಅವಳೂ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

“ಬಿಡೋದನ್ನ ಯಾಕೆ ಬಚ್ಚಿಡ್ತೀಯ?” ಎಂದರು ಗುರುಗಳು.

ಆಗ ಉಳಿದದ್ದು ಹೊರಗೆ ಬಂತು. ತಾಣದಲ್ಲಿ ಯಾರು ಏನು ಮಾಡಿದರು ಎಂಬುದು ದಾಖಲಾಗುತ್ತದೆ. ಹಿಂದಿನ ತಿಂಗಳು ಅವಳು ಅದನ್ನು ನೋಡುತ್ತಿದ್ದಾಗ, ತೀರ್ಥಪ್ರಸಾದ್ ನಾಲ್ಕು ದಿನ ಕೂತು ಬಳಗದ ಎಲ್ಲವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡದ್ದು ಕಂಡಿತ್ತು. ಎಲ್ಲ ಕಥೆ, ಎಲ್ಲ ಪತ್ರ, ಎಲ್ಲ ಫೋಟೋ. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಅದೇ ವಾರ ಎರಡು ಸಲ ಫೋನಿನಲ್ಲಿ ಮಾತಾಡಿದ್ದ, ಆಗಲೂ ಹೇಳಿರಲಿಲ್ಲ.

ಬೇರೆ ಬಳಗ ಕಟ್ಟುವ ಯೋಚನೆ ಇದೆ ಎಂದು ಅವಳಿಗೆ ಅನಿಸಿತು. ಆಮೇಲೆ ಅವನ ಹಳೆಯ ಮಾತುಗಳಲ್ಲೆಲ್ಲ ಅದೇ ಕಾಣತೊಡಗಿತು. ‘ನೀವು ಸುಸ್ತಾಗಿದ್ದೀರಿ, ವಿಶ್ರಾಂತಿ ತಗೊಳ್ಳಿ’ ಎಂದು ಯುಗಾದಿಗೆ ಹೇಳಿದ್ದ. ಅದೂ ಅದಕ್ಕೇ ಇರಬೇಕು ಎನಿಸಿತು. ಅವಳು ತಾಣ ನಡೆಸುವ ಪಾಸ್‌ವರ್ಡ್ ಬದಲಾಯಿಸಿದಳು. ಅವನು ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದು ಅವಳ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು.

ಗುರುಗಳು ಸುಲಿದ ಕಾಳನ್ನು ಮೊರಕ್ಕೆ ಸುರಿದರು.

“ನೀನು ಮುಚ್ಚೋದಕ್ಕೆ ಬಂದಿದೀಯೋ, ಅವನಿಗೆ ಸಿಗದ ಹಾಗೆ ಮಾಡೋದಕ್ಕೆ ಬಂದಿದೀಯೋ?”

ಎರಡೂ ಒಂದೇ ಅಲ್ಲವೇ ಎಂದು ಅವಳು ಕೇಳಿದಳು.

“ಹಾಗಾದ್ರೆ ನನ್ನ ಆಶೀರ್ವಾದ ಯಾಕೆ?”

ಅವಳಿಗೆ ಕಣ್ಣೀರು ಬಂತು. ಗುರುಗಳು ಅದನ್ನೂ ನಂಬಿದಂತೆ ಕಾಣಲಿಲ್ಲ. ಆ ಮನುಷ್ಯನನ್ನು ಯಾವಾಗಾದರೂ ನೋಡಿದ್ದೀಯಾ ಎಂದು ಕೇಳಿದರು. ಇಲ್ಲ ಎಂದಳು. ಹತ್ತೊಂಬತ್ತು ವರ್ಷ ಬರೀ ಫೋನು, ಬರೀ ಬರಹ. ಹಾಸನದಿಂದ ಸುಳ್ಯಕ್ಕೆ ಬಸ್ಸಿಲ್ಲವೇ ಎಂದು ಕೇಳಿದರು. ಇದೆ ಎಂದಳು.

“ಹೋಗು. ಎದುರಿಗೆ ನಿಂತು ಯಾಕೆ ಇಳಿಸ್ಕೊಂಡ್ರಿ ಅಂತ ಕೇಳು.”

“ಅವರು ಹೇಳಿದ್ದನ್ನ ನಂಬಬೇಕಾ ಗುರುಗಳೇ?”

“ನಂಬು ಅಂತ ಎಲ್ಲಿ ಹೇಳಿದೆ? ಕೇಳು ಅಂದೆ.”

ಬುಧವಾರ ಅವಳು ರಜೆ ಹಾಕಿ ಹೋದಳು. ಶಿರಾಡಿ ಘಾಟಿಯ ತಿರುವುಗಳಲ್ಲಿ ಅವಳು ಕೇಳಬೇಕಾದ ಪ್ರಶ್ನೆಯನ್ನು ಇಪ್ಪತ್ತು ರೀತಿಯಲ್ಲಿ ಜೋಡಿಸಿಕೊಂಡಳು. ಅವನು ಹೇಳಬಹುದಾದ ಇಪ್ಪತ್ತು ಸುಳ್ಳನ್ನೂ ಜೋಡಿಸಿಕೊಂಡಳು.

ಸುಳ್ಯದ ಪೇಟೆಯಲ್ಲಿ ತೀರ್ಥಪ್ರಸಾದನಿಗೆ ಒಂದು ಕನ್ನಡಕದ ಅಂಗಡಿ. ಅವಳು ಒಳಗೆ ಹೋದಾಗ ತಲೆ ಅರ್ಧ ನರೆತ, ತೆಳ್ಳಗಿನ ಮನುಷ್ಯನೊಬ್ಬ ಕನ್ನಡಕದ ಕಾಲಿಗೆ ಪುಟ್ಟ ತಿರುಪು ಕೂರಿಸುತ್ತಿದ್ದ. ಅವಳು ಗಿರಾಕಿಯ ಹಾಗೆ, ಓದುವ ಕನ್ನಡಕ ತೋರಿಸುತ್ತೀರಾ ಎಂದು ಕೇಳಿದಳು.

ಅವನ ಕೈಯಿಂದ ತಿರುಪು ಬಿತ್ತು. ತಲೆ ಎತ್ತುವ ಮೊದಲೇ, “ಶಶಿರೇಖಾ ಅವರಾ?” ಎಂದ.

ಕುರ್ಚಿ ಕೊಟ್ಟ. ನೀರು ತಂದ. ಪಕ್ಕದ ಹೋಟೆಲಿನಿಂದ ಚಹಾ ತರಿಸಿದ. ಹೇಳದೆ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳಲು ಹೆದರಿದವನ ಹಾಗೆ ಮೇಜನ್ನು ಒರೆಸುತ್ತಲೇ ಇದ್ದ. ಅವಳು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಯಾಕೆ ಎಲ್ಲ ಇಳಿಸಿಕೊಂಡಿರಿ ಎಂದಷ್ಟೇ ಕೇಳಿದಳು.

ಅವನು ಬಟ್ಟೆ ಕೆಳಗಿಟ್ಟ.

“ನೀವು ಒಂದು ದಿನ ಯಾರಿಗೂ ಹೇಳದೆ ಎಲ್ಲ ಅಳಿಸಿಬಿಡ್ತೀರಿ ಅಂತ ನನಗೊಂದು ಸಂಶಯ ಬಂತು ಮಾರಾಯ್ರೆ. ತಪ್ಪು ನನ್ನದೇ. ನಿಮ್ಮ ಮೇಲೆ ಹಾಗೆಲ್ಲ ಸಂಶಯ ಪಡಬಾರದಿತ್ತು.”

ಶಶಿರೇಖಾ ಚಹಾದ ಲೋಟ ಹಿಡಿದುಕೊಂಡು ಕೂತಳು. ಕುಡಿಯಲಿಲ್ಲ.

ಅವಳು ಬರೆಯುವುದು ಕಡಿಮೆಯಾದದ್ದನ್ನು ಅವನು ಒಂದು ವರ್ಷದಿಂದ ಗಮನಿಸುತ್ತಿದ್ದನಂತೆ. ಯುಗಾದಿಗೆ ವಿಶ್ರಾಂತಿ ತಗೊಳ್ಳಿ ಎಂದಾಗ ಅವಳು ಒಂದು ಥರ ನಕ್ಕಳಂತೆ. ಆ ನಗು ಸರಿ ಕಾಣಲಿಲ್ಲವಂತೆ. ಪಾಸ್‌ವರ್ಡ್ ಬದಲಾದಾಗ, ತನ್ನ ಕಳ್ಳತನ ಗೊತ್ತಾಯಿತು ಎಂದು ನಾಚಿಕೆಯಿಂದ ಸುಮ್ಮನಾದನಂತೆ.

ಈ ಭಾನುವಾರ ಅಳಿಸಬೇಕೆಂದೇ ಇದ್ದೆ ಎಂದು ಅವಳು ಹೇಳಿದಳು.

ಗಿರಾಕಿಯೊಬ್ಬರು ಬಂದರು, ತಮ್ಮ ಕನ್ನಡಕ ತೆಗೆದುಕೊಂಡು ಹೋದರು.

ಅವರು ಹೋದ ಮೇಲೆ ಅವನು ಇನ್ನೊಂದು ಮಾತು ಹೇಳಿದ. ಇಂದುಶೇಖರರ ಕಥೆ ಕೇಳುವುದನ್ನು ತಾನು ಬಿಟ್ಟೇ ನಾಲ್ಕು ವರ್ಷವಾಯಿತು ಎಂದ. ಮತ್ತೆ ಯಾಕೆ ದಿನಾ ಬಂದು ಎಲ್ಲರಿಗೂ ಉತ್ತರ ಬರೆಯುತ್ತಿದ್ದಿರಿ ಎಂದು ಅವಳು ಕೇಳಿದಳು.

“ನೀವು ಒಬ್ಬರೇ ಆಗ್ತೀರಲ್ಲ ಅಂತ.”

ಭಾನುವಾರ ಅವಳು ಗುರುಗಳ ಮುಂದೆ ಎಲ್ಲವನ್ನೂ ಹೇಳಿದಳು. ಅವನು ಅನುಮಾನಪಟ್ಟಿದ್ದು ನನ್ನನ್ನು, ನಾನು ಅನುಮಾನಪಟ್ಟಿದ್ದು ಅವನನ್ನು, ಇಬ್ಬರದೂ ತಪ್ಪು ಎಂದಳು.

“ಅವನದು ಯಾಕೆ ತಪ್ಪು? ನೀನು ಅಳಿಸೋಳೇ ಇದ್ದೆಯಲ್ಲ” ಎಂದರು ಗುರುಗಳು.

ಅವಳು ತಲೆ ತಗ್ಗಿಸಿದಳು.

ಈಗ ಮುಚ್ಚುವುದಿಲ್ಲವೋ ಎಂದು ಅವರು ಕೇಳಿದರು. ಮುಚ್ಚುತ್ತೇವೆ, ಆದರೆ ಇಬ್ಬರೂ ಸೇರಿ, ಎಲ್ಲರಿಗೂ ಹೇಳಿ ಮುಚ್ಚುತ್ತೇವೆ ಎಂದಳು. ಅವನೂ ಒಪ್ಪಿದ್ದಾನೆ ಎಂದಳು. ಅವಳ ಮುಖ ಗೆಲುವಾಗಿತ್ತು. ಗುರುಗಳು ಆ ಗೆಲುವನ್ನೂ ಸ್ವಲ್ಪ ಹೊತ್ತು ಪರೀಕ್ಷಿಸುವವರಂತೆ ನೋಡಿದರು. ಆಮೇಲೆ ಕಾಫಿ ಕೊಟ್ಟರು.

ಮುಚ್ಚುವ ದಿನಕ್ಕೆ ಮೂರು ತಿಂಗಳ ಮುಂಚೆಯೇ ಬಳಗದಲ್ಲಿ ಸುದ್ದಿ ಹಾಕಿದರು. ಬರೆದವರು ತಮ್ಮ ತಮ್ಮ ಬರಹ ತೆಗೆದುಕೊಳ್ಳಬೇಕು. ದನಿಮುದ್ರಣಗಳೆಲ್ಲ ಹಾಸನದ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಗುತ್ತವೆ, ಬೇಕಾದವರು ಅಲ್ಲಿ ಕೇಳಬಹುದು.

ಯಾರೂ ನಂಬಲಿಲ್ಲ.

ಇದರ ಹಿಂದೆ ಯಾರೋ ಇದ್ದಾರೆ ಎಂದು ಒಬ್ಬರು ಬರೆದರು. ಇಬ್ಬರಿಗೂ ಜಗಳವಾಗಿದೆ, ಮುಚ್ಚಿಡುತ್ತಿದ್ದಾರೆ ಎಂದು ಇನ್ನೊಬ್ಬರು ಬರೆದರು. ಶಶಿರೇಖಾಗೆ ದೊಡ್ಡ ಕಾಯಿಲೆ ಎಂಬ ಸುದ್ದಿ ಹುಟ್ಟಿತು. ಐದು ವರ್ಷದಿಂದ ಈ ಕಡೆ ತಲೆ ಹಾಕದವರೂ ಬಂದು ಕಾರಣ ಕೇಳಿದರು. ಬಳಗದ ಕೆಲಸ ಮುಗಿದಿದೆ, ಅದೇ ಕಾರಣ ಎಂದು ತೀರ್ಥಪ್ರಸಾದ್ ಉತ್ತರ ಬರೆದ. ಅದನ್ನೂ ಯಾರೂ ನಂಬಲಿಲ್ಲ.

ತಿಪಟೂರಿನಿಂದ ಲೀಲಾವತಮ್ಮ ಎಂಬ ಎಂಬತ್ತೊಂದು ವರ್ಷದ ಹೆಂಗಸು ಒಂದು ಸಾಲು ಬರೆದಿದ್ದರು. ಬಳಗ ಇಲ್ಲದಿದ್ದರೆ ನನಗೆ ಭಾನುವಾರ ಬಂದದ್ದು ಹೇಗೆ ಗೊತ್ತಾಗಬೇಕಮ್ಮ ಎಂದು.

ಶಶಿರೇಖಾ ಅದನ್ನು ಗುರುಗಳಿಗೆ ಓದಿ ತೋರಿಸಿದಳು. ಈ ಒಬ್ಬರಿಗೋಸ್ಕರವಾದರೂ ಉಳಿಸಿಕೊಳ್ಳಬೇಕೇನೋ ಎಂದಳು.

“ಆ ತಾಯಿಗೆ ಫೋನ್ ಮಾಡಿ ಮಾತಾಡ್ಸು. ಅದಕ್ಕೆ ಮೂರು ಸಾವಿರ ಜನ ಯಾಕೆ?”

ಅವಳು ಫೋನ್ ಮಾಡಿದಳು. ಲೀಲಾವತಮ್ಮ ಒಂದು ಗಂಟೆ ಮಾತಾಡಿದರು. ಇಂದುಶೇಖರರ ಹೆಸರು ಒಂದು ಸಲವೂ ಬರಲಿಲ್ಲ.

ಕೊನೆಯ ಭಾನುವಾರ ತೀರ್ಥಪ್ರಸಾದ್ ಘಾಟಿ ಹತ್ತಿ ಆಶ್ರಮಕ್ಕೆ ಬಂದ. ಜಗಲಿಯಲ್ಲಿ ಸಿಗ್ನಲ್ ಸಿಗಲಿಲ್ಲ. ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ಬಿಸಿಲು ಚೆನ್ನಾಗಿತ್ತು. ಪರದೆ ಕಾಣದೆ ಅವನು ತನ್ನ ಟವೆಲ್ಲನ್ನು ನೆರಳಿಗೆ ಹಿಡಿದ.

ಹನ್ನೊಂದು ಗಂಟೆಗೆ ಮುಚ್ಚುವುದು ಎಂದಾಗಿತ್ತು. ಹನ್ನೊಂದೂವರೆ ಆದರೂ ಯಾರೂ ಗುಂಡಿ ಒತ್ತಲಿಲ್ಲ. ಅವಳು ಒತ್ತುವುದಿಲ್ಲ ಎಂದು ಅವನಿಗೂ, ಅವನು ಒತ್ತುವುದಿಲ್ಲ ಎಂದು ಅವಳಿಗೂ ಅನಿಸುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದಳು. ಅವನು ನಕ್ಕ. ಆಮೇಲೆ ಅವನೇ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟ. ಅವಳು ಒತ್ತಿದಳು.

ಗುರುಗಳು ಬಟ್ಟೆ ಒಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಆಯಿತೇ ಎಂದು ಕೇಳಿದರು. ಆಯಿತು ಎಂದಳು.

“ಇನ್ನೊಂದು ಸಲ ನೋಡು.”

ಅವಳು ನೋಡಿದಳು. ತಾಣ ತೆರೆಯಲಿಲ್ಲ. ತೀರ್ಥಪ್ರಸಾದ್ ತನ್ನ ಫೋನಿನಲ್ಲೂ ನೋಡಿದ. ಅಲ್ಲೂ ತೆರೆಯಲಿಲ್ಲ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವಳು ಲ್ಯಾಪ್‌ಟಾಪ್ ಮಡಚಿ ಮಡಿಲಲ್ಲಿಟ್ಟುಕೊಂಡು ಹೊಳೆ ನೋಡುತ್ತ ಕೂತಳು. ಊಟಕ್ಕೆ ಕರೆಯುವವರೆಗೂ ಇಬ್ಬರೂ ಏಳಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವಳು ಬೆಳಗಿನ ಬಸ್ಸಿಗೇ ಆಶ್ರಮಕ್ಕೆ ಬರತೊಡಗಿದಳು. ಬೆಳಿಗ್ಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಅಂಗಳ ಗುಡಿಸುತ್ತಿದ್ದಳು, ನೀರು ತರುತ್ತಿದ್ದಳು. ಗುರುಗಳು ಯಾರಿಗಾದರೂ ಉತ್ತರ ಹೇಳುವಾಗ ಹತ್ತಿರ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಮೂರು ತಿಂಗಳಲ್ಲಿ ಎರಡು ಪುಸ್ತಕ ತುಂಬಿತು.

ಒಂದು ಭಾನುವಾರ ಅವಳು ಆ ಪುಸ್ತಕಗಳನ್ನು ಗುರುಗಳ ಮುಂದಿಟ್ಟಳು. ಮನಸ್ಸು ಈಗ ಹಗುರವಾಗಿದೆ ಎಂದಳು. ಬಳಗದ ನೆನಪೂ ಬರುವುದಿಲ್ಲ ಎಂದಳು. ನಿಮ್ಮ ಮಾತುಗಳು ಈ ಹೊಳೆಯ ದಡದಲ್ಲೇ ಉಳಿಯಬಾರದು, ಕೇಳುವವರನ್ನು ಹೇಗೆ ಒಟ್ಟು ಮಾಡಬೇಕೆಂದು ನನಗೆ ಗೊತ್ತು, ತೀರ್ಥಪ್ರಸಾದರೂ ಕೈ ಜೋಡಿಸುತ್ತಾರೆ, ನೀವು ಹೂಂ ಅಂದರೆ ಸಾಕು ಎಂದಳು.

ಗುರುಗಳು ಒಂದು ಪುಸ್ತಕ ತೆರೆದು ನಾಲ್ಕು ಪುಟ ಓದಿದರು. ಎಲ್ಲ ಅವರು ಹೇಳಿದ್ದೇ. ಒಂದಕ್ಷರ ತಪ್ಪಿರಲಿಲ್ಲ. ಪ್ರತಿ ಮಾತಿನ ಕೆಳಗೆ ತಾರೀಖು ಹಾಕಿದ್ದಳು. ಅವರು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

“ಮುಂದಿನ ಭಾನುವಾರ ಬರಬೇಡ.”

ಅವಳಿಗೆ ಅರ್ಥವಾಗಲಿಲ್ಲ. ಅದರ ಮುಂದಿನ ಭಾನುವಾರವೇ ಎಂದು ಕೇಳಿದಳು. ಅದೂ ಬೇಡ ಎಂಬಂತೆ ಅವರು ತಲೆ ಅಲ್ಲಾಡಿಸಿದರು. ಏನು ತಪ್ಪು ಮಾಡಿದೆ ಎಂದು ಕೇಳಿದಳು. ಏನೂ ಇಲ್ಲ, ಒಂದು ಬಳಗ ಮುಚ್ಚಿ ಇನ್ನೊಂದು ತೆರೆದಿದ್ದೀಯ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಿಂತಳು.

“ಮತ್ತೆ ನಾನು ಎಲ್ಲಿಗೆ ಹೋಗಲಿ ಗುರುಗಳೇ?”

“ಎಲ್ಲಿಗೆ ಬೇಕಾದ್ರೂ ಹೋಗು. ಬಂದು ನನಗೆ ಹೇಳಬೇಡ.”