ಶ್ವಾನಪಂಡಿತನ ಮೂವರು ಶಿಷ್ಯರು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ಕರಿಕಲ್ಲು ಅಂತ ಒಂದು ರಾಜ್ಯ. ಅಲ್ಲಿ ಮಲ್ಲಭೂಪ ಅಂತ ಒಬ್ಬ ದೊರೆ. ಅವನ ರಾಣಿ ಚೆನ್ನಾಜಮ್ಮ. ಆಕೆಗೆ ಏನು ಕಂಡರೂ 'ಯಾಕೆ' ಅಂತ ಕೇಳದಿದ್ದರೆ ಅನ್ನ ಸೇರುತ್ತಿರಲಿಲ್ಲ.

ದೊರೆಗೊಂದು ಬೇಟೆನಾಯಿ. ಹೆಸರು ಬಾಣ. ಸಣ್ಣ ಸೊಂಟ, ಉದ್ದ ಕಾಲು, ಗಾಳಿಯಂಥ ಓಟ. ಆದರೆ ಹೇಳಿದ ಮಾತು ಕೇಳದು. ಅಡುಗೆಮನೆಗೆ ನುಗ್ಗಿ ಹೋಳಿಗೆ ತಿಂತು. ಪುರೋಹಿತರ ಪಂಚೆ ಎಳೀತು. ಪರದೇಶದ ರಾಯಭಾರಿಯ ಪೇಟ ಕಚ್ಕೊಂಡು ಊರೆಲ್ಲ ಓಡಾಡ್ತು. ದೊರೆ ಡಂಗುರ ಸಾರಿಸಿದ: "ನನ್ನ ನಾಯಿಗೆ ಬುದ್ಧಿ ಕಲಿಸೋರು ಬನ್ನಿ!"

ದಂಡಪಾಣಿ ಅನ್ನೋ ಶ್ವಾನಪಂಡಿತ ಬಂದ. ಹೆಗಲಿಗೆ ಶಾಲು, ಕೈಯಲ್ಲಿ ಬೆತ್ತ, ಚೀಲದಲ್ಲಿ, ನಾಯಿ ಪಳಗಿಸಿದ್ದಕ್ಕೆ ಮೂರು ರಾಜರು ಹೊಗಳಿ ಬರೆಸಿಕೊಟ್ಟ ಮೂರು ತಾಮ್ರಪಟ. ದೊರೆ ಓದಿದ, ತಲೆದೂಗಿದ, ಬಾಣನನ್ನು ಒಪ್ಪಿಸಿಬಿಟ್ಟ.

ಪಂಡಿತ ಎಂಟು ದಿನ ಕದ ಹಾಕ್ಕೊಂಡು ಪಾಠ ಮಾಡಿದ. ಒಂಬತ್ತನೇ ದಿನ ಸಭೆಗೆ ಕರೆತಂದ. "ಕೂರು" ಅಂದ, ಕೂತಿತು. "ನಿಲ್ಲು" ಅಂದ, ನಿಂತಿತು. "ಬಾ" ಅಂದ, ಹೊಟ್ಟೆ ನೆಲಕ್ಕೊತ್ತಿ ತೆವಳಿಕೊಂಡು ಬಂತು. ಸಭೆಯೆಲ್ಲ ಚಪ್ಪಾಳೆ.

"ಬಾಲ ಯಾಕೆ ಕಾಲಸಂದಿಗೆ ಸೇರಿಕೊಂಡಿದೆ?" ರಾಣಿ ಕೇಳಿದಳು.

"ಅದು ವಿನಯ, ತಾಯಿ."

ದೊರೆ ಖುಷಿಯಿಂದ ತಲೆ ಸವರೋಕೆ ಕೈ ಎತ್ತಿದ. ಎತ್ತಿದ ಕೈ ಕಂಡಿದ್ದೇ ತಡ, ಬಾಣ ಗಬಕ್ಕನೆ ಕಚ್ಚಿತು!

"ಹುಟ್ಟಾ ದುಷ್ಟ ಪ್ರಾಣಿ. ಕೊಲ್ಲಿಸಿಬಿಡಿ, ದೊರೆ" ಅಂದ ಪಂಡಿತ. ನೋವಿನಲ್ಲಿ ದೊರೆ ಹೂಂ ಅಂದುಬಿಟ್ಟ.

ರಾಣಿ ಅಡ್ಡ ಬಂದಳು. "ತಡೀರಿ. ಬೆಟ್ಟದ ತಪ್ಪಲಲ್ಲಿ ಕುರಿ ಕಾಯೋ ಬೀರವ್ವ ಇದ್ದಾಳೆ. ಅವಳ ಒಂದು ಸಿಳ್ಳೆಗೆ ನಾಯಿಗಳು ಮುನ್ನೂರು ಕುರಿ ತಿರುಗಿಸ್ತವೆ. ಅವಳನ್ನೊಂದು ಮಾತು ಕೇಳೋಣ."

ಬೀರವ್ವ ಬಂದಳು. ಬಾಣನ ಬೆನ್ನ ಮೇಲಿನ ಬಾಸುಂಡೆ ನೋಡಿದಳು. ಪಂಡಿತ ನಕ್ಕ. "ನಿನ್ನ ತಾಮ್ರಪಟ ಎಲ್ಲಿದೆಯಮ್ಮ?"

"ನನಗ್ಯಾರು ಕೊಡ್ತಾರೆ ಸ್ವಾಮಿ? ನಿಮ್ಮದು ದೊಡ್ಡ ವಿದ್ಯೆ. ನಿಮ್ಮ ಶಿಷ್ಯರಲ್ಲಿ ಬಲು ಜಾಣ ನಾಯಿ ಯಾವುದು?"

ಪಂಡಿತ ಉಬ್ಬಿಹೋದ. "ಮೂರು ರಾಜ್ಯದ ಮೂರೂ ರತ್ನಗಳೇ!"

"ಹಂಗಾದ್ರೆ ದೊರೆ, ಮೂರನ್ನೂ ಕರೆಸಿ. ಕಣ್ತುಂಬ ನೋಡ್ತೀನಿ. ಅಲ್ಲೀತನಕ ಬಾಣ ಬದುಕಿರಲಿ."

ಪಂಡಿತನ ನಗು ಬಾಡಿತು. ದೊರೆಗೂ ಕುತೂಹಲ. ಮೂವರು ಸವಾರರು ಹೊರಟರು.

ಮೊದಲನೆಯವನು ಬರಿಗೈಲಿ ಬಂದ. "ಆ ನಾಯಿ ರಾಜಕುಮಾರನನ್ನು ಕಚ್ಚಿತಂತೆ. ಕೊಂದುಹಾಕಿದರಂತೆ."

ಎರಡನೆಯವನೂ ಬರಿಗೈಲಿ ಬಂದ. "ಅದು ಕಾಡಿಗೆ ಓಡಿಹೋಯ್ತಂತೆ."

ಮೂರನೆಯವನು ನಾಯಿಯನ್ನು ಅರಮನೆ ಅಂಗಳಕ್ಕೆ ತಂದ, ಎಲ್ಲರೂ ನೋಡೋಕೆ ಬಂದರು. ಪಂಡಿತ ಬಲವಂತದ ನಗೆ ನಕ್ಕು "ಬಾ" ಅಂದ. ಆ ದನಿ ಕಿವಿಗೆ ಬಿತ್ತೋ ಇಲ್ಲವೋ, ನಾಯಿ ಕುದುರೆಯ ಹೊಟ್ಟೆ ಕೆಳಗೆ ನುಸುಳಿ, ಗಡಗಡ ನಡುಗಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು.



"ಆ ರಾಜರೂ ನನ್ನ ಹಾಗೇ ಒಂದು ದಿನದ ಆಟ ನೋಡಿ ಮರುಳಾದರು" ಅಂದ ದೊರೆ. ಬೆತ್ತ ಕಸಿದು ಮುರಿದ. ಪಂಡಿತನನ್ನು ರಾಜ್ಯದಾಚೆ ಅಟ್ಟಿಸಿದ.

ಬಾಣನನ್ನು ಬೀರವ್ವನ ಕೈಗೆ ಒಪ್ಪಿಸಿದ. ಮೊದಲ ದಿನ ಅವಳು ದೂರ ಸುಮ್ಮನೆ ಕೂತಳು. ಎರಡನೇ ದಿನ ರೊಟ್ಟಿ ಚೂರು ಎಸೆದು ಕೂತಳು. ಮೂರನೇ ದಿನ ಬಾಣ ತಾನಾಗಿ ಬಂದು ಅವಳ ಮೊಣಕಾಲ ಮೇಲೆ ಗಲ್ಲ ಇಟ್ಟಿತು.

"ಪಾಠ ಯಾವಾಗ ಶುರು?" ರಾಣಿ ಕೇಳಿದಳು.

"ಆಗ್ಲೇ ಆಗಿದೆ ತಾಯಿ. ಅದು ನನ್ನನ್ನ ಕಲೀತಿದೆ, ನಾನು ಅದನ್ನ ಕಲೀತಿದ್ದೀನಿ. ನಾಳೆಯಿಂದ ದೊರೆಗಳೂ ಬರಲಿ. ಕೈ ಹೇಗೆ ಚಾಚಬೇಕು ಅಂತ ಅವರಿಗೂ ಪಾಠ ಇದೆ."

ದೊರೆ ಬಂದ, ನೆಲದ ಮೇಲೆ ಕೂತು ಕಲಿತ. ಮೂರು ತಿಂಗಳಾದ ಮೇಲೆ ಅವನು ಮೆಲ್ಲಗೆ "ಬಾ" ಅಂದರೆ ಸಾಕು, ಬಾಣ ಬಾಲ ಆಡಿಸುತ್ತ ಓಡಿಬರುತ್ತಿತ್ತು.

ಮಕ್ಕಳೇ, ಒಂದು ಜೀವವನ್ನು ಯಾರ ಕೈಗಾದರೂ ಒಪ್ಪಿಸುವ ಮುಂಚೆ ಅವರ ಬಿರುದು ಓದಿದರೆ ಸಾಲದು. ಅವರ ಕೈಲಿ ಕಲಿತವರು ಹೇಗಿದ್ದಾರೆ ಅಂತ ಹೋಗಿ ನೋಡಬೇಕು. ಹೆದರಿಸಿ ಕಲಿಸಿದ್ದು ಕಲಿಕೆಯೇ ಅಲ್ಲ.