ಕೊಕ್ಕೆಮುಳ್ಳಿನ ಕಳ್ಳಿ

“ಇಬ್ಬರು ಹೆಣ್ಣುಮಕ್ಕಳನ್ನೂ ಒಂದೇ ಸಮನಾಗಿ ಬೆಳೆಸಿದೆ, ಗುರುಗಳೇ. ಹಿರಿಯಳು ನಗುನಗುತ್ತ ಬಾಳುತ್ತಿದ್ದಾಳೆ. ಕಿರಿಯಳು ಮಾತು ಬಿಟ್ಟಳು, ಈಗ ಅನ್ನವನ್ನೂ ಬಿಟ್ಟು ಮಲಗಿದ್ದಾಳೆ. ನಾನು ಎಲ್ಲಿ ತಪ್ಪಿದೆ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಗೆ ಕಳ್ಳಿ ಸಾಕುವ ಹುಚ್ಚು. ಜನ ಬೇಲಿಗೆ ನೆಟ್ಟು ಮರೆತುಬಿಡುವ ಗಿಡವನ್ನು ಇವನು ಕುಂಡದಲ್ಲಿಟ್ಟು ಕೂಸಿನಂತೆ ನೋಡಿಕೊಳ್ಳುತ್ತಿದ್ದ. ನಗುವವರು ನಗಲಿ, ಹುಚ್ಚಿಲ್ಲದವನು ಏನನ್ನೂ ಸಾಕಲಾರ. ಅಂಗಡಿಯ ಕಟ್ಟೆಯ ಮೇಲೆ ಅವನದೊಂದು ಪುಟ್ಟ ಉರುಟು ಕಳ್ಳಿ ಇತ್ತು. ಮಳೆಗಾಲದಲ್ಲಿ ನೀರು ಕುಡಿದು ಬೆಳೆಯುತ್ತಿತ್ತು, ಚಳಿಗಾಲದಲ್ಲಿ ನಿದ್ದೆ ಹೋಗುತ್ತಿತ್ತು, ವರ್ಷ ತಪ್ಪದೆ ಹೂ ಬಿಡುತ್ತಿತ್ತು.

ಒಮ್ಮೆ ದೂರದ ಊರಿನಲ್ಲಿ ಅಂಥದೇ ಇನ್ನೊಂದು ಸಿಕ್ಕಿತು. ಅದೇ ಗಾತ್ರ, ಅದೇ ಬೂದುಹಸಿರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವ ಮನುಷ್ಯ, ಜೋಡಿ ಸಿಕ್ಕಿತೆಂದು ಹಿಗ್ಗಿ ಹೀರೇಕಾಯಿಯಾದ. ಮನೆಗೆ ತಂದಾಗ ಹೆಂಡತಿ ಬಗ್ಗಿ ನೋಡಿದಳು.

“ಮುಳ್ಳಿನ ತುದಿ ಕೊಕ್ಕೆ ಥರ ಬಾಗಿದೆಯಲ್ಲಾ. ಇದು ಅದೇ ಜಾತಿಯೇನ್ರೀ?”

“ಇನ್ನೂ ಮರಿ ಕಣೇ. ಬೆಳೀತಾ ಬೆಳೀತಾ ನೆಟ್ಟಗಾಗುತ್ತೆ.”

ಕಳ್ಳಿಯ ಜಾತಿ ತಿಳಿಯಬೇಕಾದರೆ ಮೈ ನೋಡಬೇಡ, ಮುಳ್ಳು ನೋಡು ಎಂಬುದು ಸಾಕುವವರೆಲ್ಲ ಬಲ್ಲ ಮಾತು. ಅವನೂ ಬಲ್ಲ. ಆದರೆ ಅವನಿಗೆ ಜೋಡಿ ಬೇಕಾಗಿತ್ತು, ಅಂಗಡಿಯ ಕಟ್ಟೆಯ ಮೇಲೆ ಹಳೆಯದರ ಪಕ್ಕದಲ್ಲೇ ಇಟ್ಟ. ಮುಳ್ಳು ನೆಟ್ಟಗಾಗಲಿಲ್ಲ. ಹೋಗುವಾಗ ಬರುವಾಗ ರೇಷ್ಮೆ ಬಟ್ಟೆಯ ಎಳೆ ಹಿಡಿದು ಜಗ್ಗತೊಡಗಿತು. ಒಂದು ದಿನ ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ಕೊಕ್ಕೆಗಳನ್ನೆಲ್ಲ ಕತ್ತರಿಸಿದ. ಈಗ ಎರಡೂ ಒಂದೇ ಎಂದು ಸಮಾಧಾನಪಟ್ಟ.

ಮಳೆಗಾಲ ಬಂತು. ಹಳೆಯದು ಬೆಳೆಯಿತು. ಹೊಸದು ಕುಗ್ಗಿ ಮಣ್ಣಿಗಿಳಿಯಿತು. ಅದು ಮಳೆಯಲ್ಲಿ ಮಲಗಿ ಚಳಿಯಲ್ಲಿ ಏಳುವ ಜಾತಿ. ಇವನು ಬಾಯಾರಿಕೆ ಎಂದುಕೊಂಡ. ಹಳೆಯದಕ್ಕೆ ಕೊಟ್ಟಷ್ಟೇ ಕೊಟ್ಟ, ಮೇಲೊಂದು ಗುಟುಕು ಕರುಣೆಯಿಂದ ಕೊಟ್ಟ. ಕಳ್ಳಿ ಉಬ್ಬಿತು. ಬದುಕಿತೆಂದು ಓಣಿಯವರನ್ನೆಲ್ಲ ಕರೆದು ತೋರಿಸಿದ. ಪಾಪ, ಆ ದಿನ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಆಮೇಲೊಂದು ಬೆಳಿಗ್ಗೆ ಧೂಳು ಒರೆಸಲು ಬೆರಳು ತಾಗಿಸಿದ. ಕಳ್ಳಿ ಪಕ್ಕಕ್ಕೆ ಉರುಳಿತು. ಮೇಲೆ ಇನ್ನೂ ಹಸಿರು, ಬುಡವೆಲ್ಲ ಕೊಳೆತ ನೀರು.

ವ್ಯಾಪಾರಿ ಅಂಗಡಿಯ ಬಾಗಿಲು ಹಾಕಿ ಒಳಗೆ ಕೂತು ಅತ್ತ. “ಅದಕ್ಕೆ ಕೊಟ್ಟದ್ದನ್ನೇ ಇದಕ್ಕೂ ಕೊಟ್ಟೆನಲ್ಲಾ, ಒಂದು ಹನಿಯೂ ಕಡಿಮೆ ಮಾಡಲಿಲ್ಲವಲ್ಲಾ” ಎಂದು ಹಲುಬಿದ. ಅದು ನಿಜವೇ. ಯಾರೂ ಅವನನ್ನು ದೂರಲಿಲ್ಲ. ದೂರದೇ ಇದ್ದುದರಿಂದ ಅವನ ಸಂಕಟ ಇನ್ನಷ್ಟು ಹೆಚ್ಚಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಕಣ್ಣು ಒದ್ದೆಯಾಗಿತ್ತು. ಆ ವ್ಯಾಪಾರಿಯ ಮೇಲೆ ಅವನಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು.

“ಅಯ್ಯೋ ಪಾಪ. ಆ ಕಳ್ಳಿಯ ಜಾತಿ ಯಾವುದು, ಗುರುಗಳೇ?”

“ಸತ್ತ ಕಳ್ಳಿಯ ಜಾತಿ ಕೇಳುತ್ತೀಯಲ್ಲ, ಬದುಕಿರುವ ಮಗಳಿಗೆ ಏನು ಬೇಕೆಂದು ಒಮ್ಮೆಯಾದರೂ ಕೇಳಿದೆಯಾ?”